ದಾದರಿನ ಕಂಬದ ಹಿಂದೆ

ಆಂಟಾಪ್ ಹಿಲ್, ಮುಂಬಯಿ
೧೨ ಮಾರ್ಚ್ ೧೯೫೬

ಪ್ರೀತಿಯ ಗೆಳತಿ ನಾಗವ್ವನಿಗೆ ಚಂದ್ರವ್ವನ ನಮಸ್ಕಾರ.

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಬೈ, ಆದರೆ ಇದನ್ನು ಓದಿ ಮುಗಿಸಿದ ಮೇಲೆ ಬೈ. ನಾವೆಲ್ಲ ಆರಾಮ. ನಮ್ಮವರಿಗೆ ಮಿಲ್ಲಿನಲ್ಲಿ ಹಗಲು ಪಾಳಿ ಸಿಕ್ಕಿದೆ. ಮಗಳು ಗಿರಿಜಾ ಈಗ ಮರಾಠಿಯಲ್ಲೇ ಜಗಳಾಡುತ್ತಾಳೆ. ನೀವಿದ್ದ ಪಕ್ಕದ ಖೋಲಿಗೆ ಬಂದವರು ಒಳ್ಳೆಯವರೇ. ಆದರೂ ನಿನ್ನ ರೊಟ್ಟಿ ಬಡಿಯುವ ಸಪ್ಪಳ ಕೇಳದೆ ನನಗೆ ಬೆಳಗಾದಂತೆ ಅನಿಸುವುದಿಲ್ಲ.

ದೊಡ್ಡ ಸುದ್ದಿಯೆಂದರೆ, ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ. ನಗಬೇಡ. ಚಾಳಿನ ಕೆಳಗಿನ ಖೋಲಿಯ ವಾರಿಜಾಬಾಯಿ, ಉಡುಪಿ ಕಡೆಯವರು, ಮಧ್ಯಾಹ್ನ ನಮ್ಮಂಥ ಆರು ಹೆಂಗಸರಿಗೆ ಪಾಠ ಹೇಳುತ್ತಾರೆ. ಮೊನ್ನೆ ‘ಸೀ ಆಫ್’ ಎಂಬುದನ್ನು ಕಲಿಸಿದರು. “ಸೀ ಬೇರೆ, ಆಫ್ ಬೇರೆ ಅಂತ ಬಿಡಿಸಬೇಡಿ. ಎರಡೂ ಸೇರಿದ್ರೆ, ಊರಿಗೆ ಹೋಗುವವರನ್ನು ಸ್ಟೇಶನ್ನಿನವರೆಗೆ ಹೋಗಿ ಕಳಿಸಿ ಬರುವುದು” ಎಂದರು. ನಮ್ಮ ಕಾಶವ್ವ ಸುಮ್ಮನಿರುತ್ತಾಳೆಯೇ? “ಬಾಗಲದಾಗ ನಿಂತು ಹೋಗಿ ಬಾ ಅಂದ್ರ ನಡೆಯೂದಿಲ್ಲೇನ್ರೀ ಬಾಯಿ?” ಎಂದಳು. “ಇಲ್ಲ ಮಾರಾಯ್ರೆ, ಹೊರಡುವ ಜಾಗಕ್ಕೇ ಹೋಗಬೇಕು. ಗಾಡಿ ಬಿಡುವ ತನಕ ಅವರ ಹತ್ತಿರ ನಿಲ್ಲಬೇಕು” ಎಂದರು.

ಆಮೇಲೆ ಒಬ್ಬೊಬ್ಬರೂ ಒಂದು ವಾಕ್ಯ ಬರೆಯಬೇಕಿತ್ತು. ಕಾಶವ್ವ ಅತ್ತೆಯನ್ನು ಕಳಿಸಿ ಬಂದೆನೆಂದು ಬರೆದಳು, ಅದೂ ಬಹಳ ಸಂತೋಷದಿಂದ. ಎರಡು ವರ್ಷದ ಹಿಂದೆ ನೀವು ಧಾರವಾಡಕ್ಕೆ ಹೊರಟಾಗ ಗಿರಿಜಾಳ ಜ್ವರದಿಂದಾಗಿ ಸ್ಟೇಶನ್ನಿಗೆ ಬರಲಾಗಲಿಲ್ಲವೆಂದು ನಿನಗೆ ತಿಳಿಸಿದ್ದೆನಲ್ಲ. ಹಾಗಿದ್ದೂ ನಾಗವ್ವನನ್ನು ದಾದರಿನಲ್ಲಿ ಕಳಿಸಿ ಬಂದೆ ಎಂದು ನಾನು ಇಂಗ್ಲಿಷಿನಲ್ಲಿ ಬರೆದುಬಿಟ್ಟೆ. ಬಾಯಿ ರೈಟ್ ಹಾಕಿ, “ಚಂದ ಬರೆದಿದ್ದೀರಿ” ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಮೇ ತಿಂಗಳಲ್ಲಿ ತಮ್ಮನ ಮದುವೆಗೆ ಘಾಟ್ಕೋಪರಿಗೆ ಬರುತ್ತೀಯಂತೆ. ನಾಲ್ಕು ದಿನವಾದರೂ ನಮ್ಮಲ್ಲಿ ಇರು. ಬರುತ್ತೀಯೆಂದು ಓದಿದಾಗಿನಿಂದ ಮನಸ್ಸು ಹಗುರಾಗಿದೆ. ಶಿವಪುತ್ರಪ್ಪಣ್ಣನವರಿಗೆ ಶರಣು ಹೇಳು. ನಿನ್ನ ಮಕ್ಕಳು ನೂರು ವರ್ಷ ಸುಖವಾಗಿರಲಿ.

ನಿನ್ನ
ಚಂದ್ರವ್ವ

ತಾ.ಕ.: ಆ ದಿನ ಗಿರಿಜಾಳಿಗೆ ಜ್ವರ ಬಂದಿರಲಿಲ್ಲ. ಶಿವಪುತ್ರಪ್ಪಣ್ಣನವರಿಗೆ ವರ್ಗವಾದ ಸುದ್ದಿಯನ್ನು ನೀನು ಹದಿನೈದು ದಿನ ನನ್ನಿಂದ ಮುಚ್ಚಿಟ್ಟೆಯೆಂದು ಸಿಟ್ಟಾಗಿತ್ತು. ಆದರೂ ನಿನಗೆಂದು ಸಿಹಿ ಮಾದಲಿ ಮಾಡಿ ಕಟ್ಟಿಕೊಂಡು ದಾದರಿಗೆ ಬಂದಿದ್ದೆ. ನೀನು ಕಿಟಕಿಯಿಂದ ಇಣುಕಿ ನನ್ನನ್ನು ಹುಡುಕುತ್ತಿದ್ದೆ. ನಾನು ಕಂಬದ ಹಿಂದಿದ್ದೆ. ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ. ಗಾಡಿ ಹೋದ ಮೇಲೆ ಆ ಮಾದಲಿಯನ್ನು ಬೆಂಚಿನ ಮೇಲೆ ಕೂತು ಒಬ್ಬಳೇ ಅಳುತ್ತ ತಿಂದೆ. ಈ ಸಲ ಹೊರಡುವಾಗ ಕಿಟಕಿಯ ಹತ್ತಿರವೇ ಕೂತುಕೋ.