ಡಬ್ಬಿಯೊಳಗಿನ ಕಳೆ

ಹನ್ನೊಂದನೇ ತಾರೀಕು, ಮಂಗಳವಾರ.

ಬೆಳಗ್ಗೆ ಡಾಕ್ಟರಮ್ಮನಿಗೆ ಸುಳ್ಳು ಹೇಳಿ ಬಂದೆ.

ನನಗೀಗ ಏಳು ವಾರದ ಬಸಿರಂತೆ. ಏನೇನು ಬಿಡಬೇಕೆಂದು ಹೇಳುತ್ತಾ ಅವರು, "ಮುಖಕ್ಕೆ ಏನಮ್ಮ ಹಚ್ತೀಯ?" ಅಂದರು. ಪಕ್ಕದಲ್ಲಿ ಅತ್ತೆ ಕೂತಿದ್ದರು. "ಬರೀ ಸೋಪು ಮೇಡಂ" ಅಂದುಬಿಟ್ಟೆ.

ಒಂಬತ್ತು ವರ್ಷದಿಂದ ಪಾರ್ಲರಿನಲ್ಲಿ ಕೆಲಸ ಮಾಡುವವಳು ನಾನು. ಮುಖಕ್ಕೆ ಹೊಳಪು ಕೊಡುವ ರೆಟಿನಾಲ್ ಕ್ರೀಮಿನ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಬಂದವರನ್ನೆಲ್ಲ, "ಅಕ್ಕಾ, ಏನಾದ್ರೂ ವಿಶೇಷ ಇದೆಯಾ? ಇದ್ರೆ ಇದು ಬೇಡ, ಹೊಟ್ಟೆಯಲ್ಲಿರೋ ಮಗುವಿಗೆ ಒಳ್ಳೇದಲ್ಲ" ಎಂದು ಕೇಳಿಯೇ ಕೇಳುತ್ತೇನೆ. ಅದೇ ಕ್ರೀಮನ್ನು ಮೊಡವೆ ಕಲೆಗೆಂದು ಎರಡು ತಿಂಗಳಿಂದ ನಾನೇ ದಿನಾ ಹಚ್ಚಿಕೊಳ್ಳುತ್ತಾ ಬಂದೆ. ಕನ್ನಡಿಯಲ್ಲಿದ್ದವಳನ್ನು ಮಾತ್ರ ಒಂದು ಮಾತು ಕೇಳಲಿಲ್ಲ.

ಬರುವಾಗ ಆಟೋದಲ್ಲಿ ಅತ್ತೆ ನನ್ನ ಗಲ್ಲ ಹಿಡಿದು, "ನೋಡೇ, ಮುಖಕ್ಕೆ ಎಂಥಾ ಕಳೆ ಬಂದಿದೆ! ಎಲ್ಲ ಒಳಗಿರೋ ಪುಟಾಣಿ ಕೆಲಸ" ಅಂದರು. ಡ್ರೈವರ್ ಕೂಡ ಕನ್ನಡಿಯಲ್ಲಿ ಇಣುಕಿ ನಕ್ಕ. ನಾನೂ ನಕ್ಕೆ. ಅದು ಪುಟಾಣಿಯ ಕೆಲಸವಲ್ಲ, ಡಬ್ಬಿಯ ಕೆಲಸ ಎಂದು ಯಾವ ಬಾಯಲ್ಲಿ ಹೇಳಲಿ?

ಸಂಜೆ ಡಬ್ಬಿ ಎಸೆಯಲು ಹೋದೆ. ಕಸದ ಬುಟ್ಟಿಯ ಹತ್ತಿರ ಕೈ ನಿಂತಿತು. ಎಸೆದರೆ ಸುಳ್ಳು ಸುಳ್ಳಾಗಿಯೇ ಉಳಿದುಬಿಡುತ್ತದೆ. ಡಾಕ್ಟರಮ್ಮ ಅದರ ಮೇಲೆ ಬರೆದಿರುವುದನ್ನು ಓದಬೇಕು. ಚೀಲದಲ್ಲಿ ಇಟ್ಟಿದ್ದೇನೆ. ನಾಳೆ ಕೆಲಸಕ್ಕೆ ಮೊದಲು ಒಬ್ಬಳೇ ಹೋಗುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ.

ಕಂದಾ, ಅಜ್ಜಿ ಹೊಗಳಿದ ಕಳೆಯೆಲ್ಲ ಇಳಿದುಹೋಗಲಿ. ಮುಖದ ತುಂಬ ಮೊಡವೆ ಏಳಲಿ, ಎಷ್ಟು ಬೇಕಾದರೂ ಏಳಲಿ. ನೀನೊಂದು ಚೆನ್ನಾಗಿದ್ದರೆ ಸಾಕು.