ಪರದೆಯ ನಡುವೆ ಒಂದು ಗೇಣು

ಮಾರ್ಚ್ 3. ಬೆಳಿಗ್ಗೆ 8.20

ಪ್ಯಾನೆಲ್ ಮತ್ತೆ ಮಾಯ. ಪರದೆಯ ತಳದ ಆ ಪಟ್ಟಿ ಇಲ್ಲದಿದ್ದರೆ ಅಕ್ಕನಿಗೆ ಫೈಲು ಸಿಗುವುದಿಲ್ಲ. ಆಜ್ಞೆ ಬರೆಯುವ ಟರ್ಮಿನಲ್ ತೆರೆದು ಅದನ್ನು ಕೊಂದೆ, ಮತ್ತೆ ಎಬ್ಬಿಸಿದೆ. ಬಂತು. ಕಾಲೇಜಿನ ಬಸ್ಸು ತಪ್ಪಿತು.

ಅಕ್ಕ ಮೂವತ್ತು ವರ್ಷದಿಂದ ಕರಡು ತಿದ್ದುವವಳು. ಈ ಸಸ್ಯಕೋಶದ್ದೇ ಒಂಬತ್ತು ವರ್ಷ. ಇನ್ನು ನೂರ ಎಂಬತ್ತು ಪುಟ. ಅಷ್ಟರವರೆಗೆ ಕಣ್ಣು ಇರುತ್ತದೋ ಇಲ್ಲವೋ... ಹೋದ ದೃಷ್ಟಿ ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಕೋಶವನ್ನು ತಾನೇ ಮುಗಿಸಬೇಕೆಂದು ಇವಳ ಹಟ. ಅಕ್ಷರದ ಅಳತೆ ಹದಿನೆಂಟು ಮಾಡಿಟ್ಟಿದ್ದೇನೆ.

ಮಾರ್ಚ್ 5

ಬಿಟ್ಟಿ ಸಿಗುವ ಡೆಸ್ಕ್‌ಟಾಪ್ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ತಮ್ಮ ಅಳತೆಗೆ ಹೊಲಿದುಕೊಳ್ಳಬಹುದು. ಹೊಲಿಯುತ್ತಿದ್ದೇನೆ. ಅಕ್ಷರ ಇಪ್ಪತ್ತನಾಲ್ಕು. ಐಕಾನುಗಳು ತಟ್ಟೆಯಷ್ಟು. ಮೌಸಿನ ಬಾಣ ನಾಲ್ಕು ಪಟ್ಟು.

"ಇದು ಬಾಣ ಅಲ್ಲ ಕಣೇ, ಗುದ್ದಲಿ" ಎಂದಳು ಅಕ್ಕ. "ಓದ್ಲಾ, ಅಗೀಲಾ?"

"ಕಾಣ್ಸುತ್ತೆ ತಾನೇ?"

"ಪಕ್ಕದ ಮನೆಯೋರಿಗೂ ಕಾಣ್ಸುತ್ತೆ. ಮೊದಲಿದ್ದ ಚಿಕ್ಕದೇ ವಾಸಿಯಿತ್ತೇನೋ."

ತಮಾಷೆ ಎಂದುಕೊಂಡೆ.

ಮಾರ್ಚ್ 9. ಭಾನುವಾರ

ಲಾಗಿನ್ ಆಗುವಾಗಲೇ ಎಲ್ಲ ಹಿಗ್ಗಿಕೊಳ್ಳಲಿ ಎಂದು ಆರಂಭದ ಫೈಲಿಗೆ ಒಂದು ಸಾಲು ಸೇರಿಸಿದೆ. ಉದ್ಧರಣ ಚಿಹ್ನೆ ಮುಚ್ಚುವುದು ಮರೆತೆ. ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಟ್ಟಂತೆ ಮಾಡಿ ಮತ್ತೆ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಈ ತಂತ್ರಾಂಶ ಬಳಸುವವರ ಫೋರಂಗೆ ಫೋನಿನಿಂದ ಬರೆದೆ. ತನಗೆ ತಾನೇ 'ಗೂಬೆ' ಎಂದು ಹೆಸರಿಟ್ಟುಕೊಂಡ ಯಾರೋ ಉತ್ತರಿಸಿದರು: "ಕಪ್ಪು ಕನ್ಸೋಲಿಗೆ ಹೋಗಿ, ಆ ಸಾಲು ಅಳಿಸಿ. ಗಾಬರಿ ಬೇಡ, ನಾನೂ ಎರಡು ಸಲ ಹೀಗೇ ಹೊರಗೆ ನಿಂತೋನು."

ಐದು ಗಂಟೆ ಹೋಯಿತು. ಹಗಲಿನ ಐದು ಗಂಟೆ, ಅಕ್ಕನ ಕಣ್ಣು ಚೆನ್ನಾಗಿರುವ ಹೊತ್ತು. ಅವಳು ಕೈಕಟ್ಟಿ ಕೂತು, "ಪರವಾಗಿಲ್ಲ ಬಿಡು" ಎಂದಳು.

ಕವಿತೆಯಲ್ಲಿ ಒಂದು ಚಿಹ್ನೆ ಬಿಟ್ಟುಹೋದರೆ ಓದುವವರು ಕೂಡಿಸಿಕೊಂಡು ಓದುತ್ತಾರೆ. ಇದಕ್ಕೆ ಆ ದಾಕ್ಷಿಣ್ಯವಿಲ್ಲ.

ಮಾರ್ಚ್ 22

ದಿನಕ್ಕೆ ಎಂಟು ಪುಟ ಓದುತ್ತಿದ್ದವಳು ಎರಡಕ್ಕೆ ಇಳಿದಿದ್ದಾಳೆ. ಭೂತಗನ್ನಡಿಯನ್ನೂ ಹಾಕಿಕೊಟ್ಟೆ — ಮೌಸು ಹೋದಲ್ಲೆಲ್ಲ ಪರದೆ ಉಬ್ಬುತ್ತದೆ. ಗೋಡೆಯ ಮೇಲೆ ಹಲ್ಲಿ ಹುಡುಕುವವಳ ಹಾಗೆ ಕತ್ತು ತಿರುಗಿಸುತ್ತಾ ಓದುತ್ತಾಳೆ. ಅಕ್ಷರ ಮೂವತ್ತಾರು ಮಾಡಿದೆ.

ಮಾರ್ಚ್ 26. ಆಸ್ಪತ್ರೆಯಿಂದ ಬಂದು

ಡಾಕ್ಟರು ಅಕ್ಕನ ಕಣ್ಣಿನ ನಕ್ಷೆ ತೋರಿಸಿದರು. ಸುತ್ತ ಕಪ್ಪು, ನಡುವೆ ಕಾಸಗಲ ಬಿಳಿ. ನಾನು ಹೆಮ್ಮೆಯಿಂದ ಮೂವತ್ತಾರರ ಕಥೆ ಹೇಳಿದೆ.

"ಅಯ್ಯೋ, ಅದ್ಯಾಕಮ್ಮ ಹಾಗ್ಮಾಡಿದ್ರಿ?" ಎಂದರು. "ಇವರು ಕೊಳವೆಯೊಳಗಿಂದ ನೋಡ್ತಿದ್ದಾರೆ. ದೊಡ್ಡದು ಮಾಡಿದಷ್ಟೂ ಪದ ಕೊಳವೆಯಿಂದ ಆಚೆ ಹೋಗುತ್ತೆ. ಒಂದೊಂದೇ ಅಕ್ಷರ ಹೆಕ್ಕಿ ಓದಿರ್ತಾರೆ, ಪಾಪ."

ಬಸ್ಸಿನಲ್ಲಿ ಕೇಳಿದೆ, "ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳ್ದೆ, ಒಂದ್ಸಲ. ಆಮೇಲೆ ನೀನು ಊಟ ನಿದ್ದೆ ಬಿಟ್ಟು ಮಾಡ್ತಿದ್ದೆ. ಹೇಗೆ ಹೇಳ್ಲಿ?"

ಮೂರು ವಾರ. ಅವಳಲ್ಲಿ ಉಳಿದಿದ್ದ ವಾರಗಳಲ್ಲಿ ಮೂರು.

ಮಾರ್ಚ್ 27

ಸೆಟ್ಟಿಂಗಿನ ಫೋಲ್ಡರನ್ನೇ ಅಳಿಸಿದೆ. ಎಲ್ಲ ಹೊಸದಾಗಿ. ಅಕ್ಷರ ಹನ್ನೆರಡು. ಪ್ಯಾನೆಲ್ ಇಲ್ಲ, ಐಕಾನ್ ಇಲ್ಲ, ಮೂಲೆಗಳಲ್ಲಿ ಏನೂ ಇಲ್ಲ. ನಟ್ಟನಡುವೆ ಒಂದು ಗೇಣಗಲದ ಕಿಟಕಿ. ಪುಟ ಅಲ್ಲೇ ತೆರೆದುಕೊಳ್ಳಬೇಕು, ಅತ್ತಿತ್ತ ಸರಿಯಕೂಡದು — ಅದಕ್ಕೊಂದು ನಿಯಮ ಬರೆದೆ. ಪುಟ ತಿರುಗಿಸಲು ಒಂದೇ ಕೀಲಿ, ಓದಿದ್ದನ್ನು ಮುದ್ರಣಾಲಯಕ್ಕೆ ಕಳಿಸಲು ಇನ್ನೊಂದು.

ಮಧ್ಯಾಹ್ನದೊಳಗೆ ಐದು ಪುಟ ಓದಿದಳು. ಒಂದೇ ಗಿಡದ ಹೂವು ಒಂದು ಕಡೆ ಬಿಳಿ, ಇನ್ನೊಂದು ಕಡೆ ನೇರಳೆ ಎಂದಿರುವುದನ್ನು ಹಿಡಿದಳು. "ಇಗೋ, ಸಿಕ್ಕಿಬಿದ್ದ ಕಳ್ಳ!"

ಏಪ್ರಿಲ್ 4

ಮೂರು ಪುಟ. ಕಿಟಕಿ ಇನ್ನೂ ಕಿರಿದು ಮಾಡಿದೆ. ಅಕ್ಷರ ಹತ್ತು.

ಏಪ್ರಿಲ್ 19

ಇಷ್ಟು ದಿನ ಬರೆಯಲಾಗಲಿಲ್ಲ. ಕಾಲೇಜಿನಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನ. ಬೆಳಿಗ್ಗೆ ಹೋದರೆ ಸಂಜೆ.

ಅಕ್ಕ ದಿನಕ್ಕೆ ಏಳು ಪುಟ, ಒಮ್ಮೊಮ್ಮೆ ಎಂಟು. ಹಳೆಯ ವೇಗ! ಓದಿದ್ದನ್ನು ಅಂದಂದೇ ಕಳಿಸುತ್ತಿದ್ದಾಳೆ. ಬುಧವಾರ ಅಚ್ಚಿಗೆ ಹೋಗುತ್ತದೆಂದು ಮುದ್ರಣಾಲಯದವರು ಹೇಳಿದ್ದಾರೆ.

"ಈಚೆಗೆ ತಪ್ಪೇ ಸಿಗ್ತಿಲ್ಲ ಕಣೇ" ಎಂದಳು. "ಡಿಟಿಪಿಯೋಳು ಸುಧಾರಿಸಿದಾಳೆ."

'ಗೂಬೆ'ಗೆ ಧನ್ಯವಾದ ಬರೆದೆ.

ಏಪ್ರಿಲ್ 21. ಮಧ್ಯಾಹ್ನ 3

ಬೇಗ ಬಂದೆ. ಅಕ್ಕ ಮೇಜಿನ ಮುಂದೆ ನೆಟ್ಟಗೆ ಕೂತಿದ್ದಳು. ಪರದೆ ಪೂರ್ತಿ ಕಪ್ಪು. ಅಪ್‌ಡೇಟ್ ಆದ ಮೇಲೆ ಹೀಗಾಗುವುದುಂಟು ಎಂದು ಫೋರಂನಲ್ಲಿ ಓದಿದ್ದೆ — ಎಲ್ಲ ಹೋಗಿ ಬಾಣವೊಂದೇ ಉಳಿಯುತ್ತದೆ.

ಅಕ್ಕನ ಬೆರಳು ಪುಟ ತಿರುಗಿಸುವ ಕೀಲಿಯ ಮೇಲೆ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದಳು. ಮತ್ತೆ ಅಷ್ಟೇ ಹೊತ್ತು ಕಾದು ಒತ್ತಿದಳು. ಒಂದು ಪುಟಕ್ಕೆ ಎಷ್ಟು ಹೊತ್ತು ಬೇಕೆಂದು ಮೂವತ್ತು ವರ್ಷದ ಕೈಗೆ ಗೊತ್ತು.

ಹೆಜ್ಜೆ ಸದ್ದಿಗೆ, "ಬಂದ್ಯಾ? ಆರು ಪುಟ ಆಯ್ತು ನೋಡು" ಎಂದಳು. "ಅಕ್ಷರ ಇನ್ನೊಂಚೂರು ಚಿಕ್ಕದ್ಮಾಡ್ತೀಯಾ?"

ಕೀಲಿಮಣೆಯ ಮೇಲೆ ಏನೇನೋ ಒತ್ತಿದೆ. ಪರದೆ ಕಪ್ಪಗೇ ಇತ್ತು.

"ಈಗ?"

"ಹಾಂ. ಈಗ ಸರಿಹೋಯ್ತು."

ಸಂಜೆ 5.40

ಅವಳು ಮುಖ ತೊಳೆಯಲು ಹೋದಾಗ ಪರದೆ ಸರಿಮಾಡಿದೆ. ಎರಡು ನಿಮಿಷದ ಕೆಲಸ. ಕಳಿಸಿದ ಪುಟಗಳನ್ನು ತೆರೆದೆ. ಏಪ್ರಿಲ್ 8ರಿಂದ ಈಚೆಗೆ ಎಂಬತ್ತೊಂದು ಪುಟ. ಒಂದೇ ಒಂದು ತಿದ್ದುಪಡಿ ಇಲ್ಲ.

ನಾನೇ ಓದಿ ತಿದ್ದಿಬಿಡೋಣ ಎಂದು ಕೂತೆ. ಎರಡನೆಯ ಪುಟದಲ್ಲಿ ಒಂದು ಗಿಡ — ಬೇರು, ಕಾಯಿ ಎಲ್ಲ ವಿಷ ಎಂದು ಮೊದಲ ಸಾಲು. ಕೊನೆಯ ಸಾಲು: ಎಳೆ ಕಾಯಿ ತಿನ್ನಲು ಯೋಗ್ಯ. ಯಾವುದು ನಿಜ, ನನಗೆ ಗೊತ್ತಿಲ್ಲ. ಗೊತ್ತಿರುವವಳನ್ನು ಕೇಳಿದರೆ ಅವಳಿಗೆ ತಿಳಿದುಹೋಗುತ್ತದೆ — ನಾನು ನೋಡಿದ್ದು.

ಹೇಳದಿದ್ದರೆ ಬುಧವಾರ ಅಚ್ಚು. ಹೇಳಿದರೆ ಕೋಶ ಬೇರೆಯವರ ಕೈಗೆ.

ಸಂಜೆ 6.15

ಮಹಡಿಗೆ ಹೋಗಿ ಮುದ್ರಣಾಲಯದ ಯಜಮಾನರಿಗೆ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಹೇಳಿ ಮೇಡಂ. ನಿಮ್ಮಕ್ಕ ಹೇಗಿದಾರೆ? ಏನ್ ಸ್ಪೀಡು ರೀ ಅವರ್ದು! ಕಣ್ಣು ಹುಷಾರಾಯ್ತಾ?"

ನಾನು —