ಅಪ್ಪನ ವಿರುದ್ಧ ನಾನು ಬರೆದ ತೀರ್ಪು

ಬೆಟಗೇರಿ, ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು, ಎರಡನೆಯ ಬೇಸಿಗೆಯ ಹದಿನೇಳನೆಯ ದಿನ.

ಇನ್ನೂರು ವರ್ಷ ಹಿಂದಿರುವ ನಿಮಗೆ,

ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮಲ್ಲಿ ಇಲ್ಲದ ಕೆಲವು ಪದಗಳು ನಮ್ಮಲ್ಲಿ ಹುಟ್ಟಿಕೊಂಡಿವೆ. ಬಂದ ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಬೆಳಗಿನ ಒಂಬತ್ತರ ಮೇಲೆ ಬಯಲಲ್ಲಿ ಯಾರೂ ನಿಲ್ಲುವುದಿಲ್ಲ. ಬೀದಿಗಳ ಮೇಲೆ ಈ ಮಾಳಿಗೆಯಿಂದ ಆ ಮಾಳಿಗೆಗೆ ದಪ್ಪ ಬಟ್ಟೆ ಕಟ್ಟಿರುತ್ತಾರೆ. ಅದಕ್ಕೆ ನೆರಳುಪಟ ಎನ್ನುತ್ತೇವೆ. ನಮ್ಮ ಊರಿನ ಮಗ್ಗಗಳು ಈಗ ಸೀರೆ ನೇಯುವುದು ಕಡಿಮೆ, ಅರ್ಧ ನಾಡಿಗೆ ನೆರಳುಪಟ ನೇಯುತ್ತವೆ. ನನ್ನ ಅಪ್ಪ ಎಜ್ರಪ್ಪನೂ ಅದನ್ನೇ ನೇಯುತ್ತಿದ್ದ. ನಮ್ಮ ಕ್ರೈಸ್ತ ಸಭೆಯ ಹಿರಿಯನೂ ಅವನೇ.

ನಿಮ್ಮ ಕಾಲದವರು ದೇವರಿದ್ದಾನೋ ಇಲ್ಲವೋ ಎಂದು ಹೊತ್ತು ಹೋಗದಾಗ ವಾದಿಸುತ್ತಿದ್ದರಂತೆ. ನಾವು ಅದಕ್ಕೊಂದು ಕಚೇರಿಯನ್ನೇ ಮಾಡಿಕೊಂಡೆವು. ಅದರ ಹೆಸರು ತೂಕದ ಸಭೆ. ಎರಡು ಕಡೆಯವರು ವಾದಿಸುತ್ತಾರೆ, ಒಬ್ಬರು ಕೂತು ಯಾರ ಮಾತು ಬುದ್ಧಿಗೆ ಹೆಚ್ಚು ಒಪ್ಪುತ್ತದೆಂದು ತೀರ್ಪು ಬರೆಯುತ್ತಾರೆ. ಸೋತ ನಂಬಿಕೆಯನ್ನು ಮನೆಯೊಳಗೆ ಇಟ್ಟುಕೊಳ್ಳಬಹುದು. ಶಾಲೆ, ಸಂತೆ, ಆಸ್ಪತ್ರೆಗಳಲ್ಲಿ ಬಾಯಿ ಬಿಡುವಂತಿಲ್ಲ. ಕತ್ತಿ ಹಿಡಿಯುವುದಕ್ಕಿಂತ ಇದು ಮೇಲೆಂದು ಎಲ್ಲರೂ ಒಪ್ಪಿದ್ದರು. ನಮಗಿಂತ ಮುಂಚೆ ಬೇರೆಯವರ ನಂಬಿಕೆಗಳು ತೂಗಿ ಸೋತಾಗ ನನ್ನ ಅಪ್ಪ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದ. ಇದನ್ನು ಮುಚ್ಚಿಟ್ಟರೆ ಈ ಕಾಗದ ಬರೆದೂ ಪ್ರಯೋಜನವಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಸರದಿ ಬಂತು. ಯಾರೂ ಒತ್ತಾಯ ಮಾಡಿರಲಿಲ್ಲ, ಅಪ್ಪನೇ ಅರ್ಜಿ ಕೊಟ್ಟ. ಎದುರು ವಾದಿಸಲು ಬಂದವನು ಬಾರೂಕ. ಅವನು ಅಪ್ಪನ ಭಾನುವಾರದ ಪಾಠದಲ್ಲೇ ಓದಿ ಬೆಳೆದವನು. ತಾಯಿಯಿಲ್ಲದ ಅವನಿಗೆ ಆರಾಧನೆ ಮುಗಿದ ಮೇಲೆ ನಮ್ಮ ಮನೆಯಲ್ಲೇ ಊಟ. ಇಪ್ಪತ್ತರ ವಯಸ್ಸಿಗೆ ನಂಬಿಕೆ ಬಿಟ್ಟ, ಶಾಲೆಯಲ್ಲಿ ತರ್ಕ ಕಲಿಸುತ್ತಿದ್ದ. ತೀರ್ಪು ಬರೆಯುವವರ ಚೀಟಿ ಎತ್ತಿದಾಗ ನನ್ನ ಹೆಸರು ಬಂತು. ಮಗಳು ಬೇಡವೆಂದು ಸಭೆಯಲ್ಲಿ ಗದ್ದಲವಾಯಿತು. ಅಪ್ಪ ಎದ್ದು ನಿಂತ.

"ತಬಿಥಾ ನನ್ನ ಮಗಳು. ಸುಳ್ಳು ಬರಿಯೂದು ಆಕಿಗೆ ನಾ ಕಲಿಸಿಲ್ಲ. ಆಕಿನ ಕುಂದರ್ಲಿ."

ಎರಡು ದಿನ ವಾದ ನಡೆಯಿತು. ಶೂನ್ಯದಿಂದ ಏನೂ ಹುಟ್ಟುವುದಿಲ್ಲ ಎಂದ ಅಪ್ಪ. ಸತ್ತ ತಮ್ಮ ಗುರು ಎದ್ದು ಬಂದದ್ದನ್ನು ಕಣ್ಣಾರೆ ಕಂಡೆವೆಂದು ಹೇಳಿ ಪ್ರಾಣ ಕೊಟ್ಟವರು ಸುಳ್ಳಿಗಾಗಿ ಸಾಯುತ್ತಾರೆಯೇ ಎಂದ. ತಪ್ಪು ತಿಳಿದವರೂ ಅಷ್ಟೇ ನಿಷ್ಠೆಯಿಂದ ಸಾಯುತ್ತಾರೆ ಎಂದ ಬಾರೂಕ. ದೊಡ್ಡ ಜ್ವರದ ವರ್ಷ ಪ್ರಾರ್ಥನೆ ಮಾಡಿದ ಮನೆಗಳಲ್ಲೂ ಮಾಡದ ಮನೆಗಳಲ್ಲೂ ಕೂಸುಗಳು ಒಂದೇ ಸಮನೆ ಸತ್ತವೆಂದು ಓಣಿಯ ಹೆಸರು ಹಿಡಿದು ತೋರಿಸಿದ. ಅವುಗಳಲ್ಲಿ ನನ್ನ ತಮ್ಮನೂ ಇದ್ದ. ಅಪ್ಪ ನೀರು ಕುಡಿದ.

ಕೊನೆಗೆ ಬಾರೂಕ ಮೆಲ್ಲಗೆ ಕೇಳಿದ: "ಏನು ನಡದ್ರ ನಿಮ್ಮ ನಂಬಿಕಿ ತಪ್ಪಂತ ಒಪ್ಪತೀರಿ, ಅಪ್ಪಾರ?"

"ಏನು ನಡದ್ರೂ ಒಪ್ಪಂಗಿಲ್ಲ," ಎಂದ ಅಪ್ಪ. "ನೀ ಹೇಳು. ಏನು ನಡದ್ರ ನಂಬತಿ?"

"ಸತ್ತವರು ಒಬ್ಬರು ಎದ್ದು ಬಂದ್ರ."

"ಅದನ್ನ ಹೇಳಾಕತ್ತೇನಲ್ಲೋ ಎರಡು ದಿನದಿಂದ!"

ಸಭೆಯೆಲ್ಲ ನಕ್ಕಿತು. ಬಾರೂಕನೂ ನಕ್ಕ. ಅಪ್ಪನ ಮುಖದಲ್ಲಿ ಗೆದ್ದ ಕಳೆ ಬಂತು. ಆದರೆ ನಗು ಪುರಾವೆಯಲ್ಲ. ಏನಾದರೂ ಬಿಡುವುದಿಲ್ಲವೆಂದವನಿಗಿಂತ, ಇಂಥದ್ದು ತೋರಿಸಿದರೆ ಬದಲಾಗುತ್ತೇನೆಂದವನ ನಿಲುವು ಬುದ್ಧಿಗೆ ಹೆಚ್ಚು ಒಪ್ಪುತ್ತದೆ. ಹಾಗೆಂದೇ ಬರೆದೆ. ಇಂದು ಕೇಳಿದರೂ ಅದನ್ನೇ ಬರೆಯುತ್ತೇನೆ. ಅಪ್ಪ ತೀರ್ಪಿನ ಹಾಳೆಗೆ ರುಜು ಹಾಕಿ, ಪಾಲಿಸುತ್ತೇನೆಂದು ಮಾತು ಕೊಟ್ಟು ಮನೆಗೆ ಹೋದ.

ಏಳು ತಿಂಗಳ ಮೇಲೆ ಅವ್ವ ಮಲಗಿದಳು. ಅವಳ ಹೆಸರು ಹನ್ನವ್ವ. ಬಟ್ಟೆಯ ಧೂಳು ನಲವತ್ತು ವರ್ಷ ಎದೆಯೊಳಗೆ ಇಳಿದಿತ್ತು. ಉಸಿರಿನ ಯಂತ್ರವಿಲ್ಲದೆ ಅವಳನ್ನು ಒಂದು ಗಳಿಗೆಯೂ ಇಡುವಂತಿರಲಿಲ್ಲ, ಮನೆಗೆ ತರುವುದಂತೂ ಆಗದ ಮಾತು. ನಮ್ಮ ಆಸ್ಪತ್ರೆಗಳು ನೆಲದ ಕೆಳಗಿವೆ. ಗೋಡೆಗಳು ತಣ್ಣಗೆ, ಒದ್ದೆ ಮಣ್ಣಿನ ವಾಸನೆ. ಒಂದು ಮಧ್ಯಾಹ್ನ ಅವಳು ಕಣ್ಣು ತೆರೆದಳು.

"ಏನ್ರೀ, ನಮ್ಮವ್ವ ಕಟ್ಟಿದ ಪದಾ ಒಮ್ಮೆ ಹಾಡ್ರಿ."

ಅದು ನನ್ನ ಅಜ್ಜಿ ಕಟ್ಟಿದ ಹಾಡು. ನಮ್ಮ ಸಭೆಯಲ್ಲಿ ಸಾಯುವವರ ಪಕ್ಕದಲ್ಲಿ ಅದನ್ನೇ ಹಾಡುವುದು ರೂಢಿ. ಅಪ್ಪ ಅವಳ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ.

"ಇಲ್ಲಿ ಹಾಡಂಗಿಲ್ಲ. ನಿನ್ನ ಮಗಳ ತೀರ್ಪು ಐತಿ."

"ಹಾಡಪ್ಪಾ," ಎಂದೆ. "ಭಾಳ ಅಂದ್ರ ಒಂದು ತಿಂಗಳು ಮಗ್ಗಕ್ಕ ಬೀಗ ಹಾಕ್ತಾರ. ಹಾಕ್ಲಿ."

"ಮಾತು ಕೊಟ್ಟೇನಿ. ಮಾತು ಮುರದು ದೇವರ ಹೆಸರು ಎತ್ತಲೇನು?"

ಅವನು ಹೇಳಿದ್ದರಲ್ಲಿ ನಿಷ್ಠೆ ಎಷ್ಟಿತ್ತು, ನನ್ನನ್ನು ಚುಚ್ಚುವ ಆಸೆ ಎಷ್ಟಿತ್ತು, ಅದನ್ನು ಬೇರೆ ಮಾಡಲು ನನಗೆ ಇವತ್ತಿಗೂ ಆಗಿಲ್ಲ. ನಾನೇ ಹಾಡೋಣವೆಂದು ಬಾಯಿ ತೆರೆದೆ. ಎರಡನೆಯ ಸಾಲಿನ ಮಾತು ನೆನಪಾಗಲಿಲ್ಲ.

ಅವ್ವನನ್ನು ನೋಡಲು ಬಂದಿದ್ದ ಬಾರೂಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ತಿರುಗಿ ನರ್ಸಮ್ಮನನ್ನು ಕೇಳಿದ: "ಅಕ್ಕಾರ, ನಂಬಿಕಿ ಇಲ್ಲದಾಂವ ಹಾಡಿದ್ರ ಅದು ಪ್ರಾರ್ಥನಿ ಆಗತೈತೇನ್ರಿ?"

ಆಕೆ ಗೋಡೆಯ ಮೇಲಿನ ನಿಯಮ ಎರಡು ಸಲ ಓದಿದಳು. "ಇಲ್ರಿ. ಬರೇ ಹಾಡು ಆಗತೈತಿ."

ಅವನು ಅವ್ವನ ಕೈ ಹಿಡಿದು ಕೂತು ನಾಲ್ಕೂ ನುಡಿ ಹಾಡಿದ. ಒಳ್ಳೆಯ ಕಂಠ, ಒಂದು ಮಾತೂ ಮರೆತಿರಲಿಲ್ಲ. ಅಪ್ಪ ಎದ್ದು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. "ಇನ್ನೊಮ್ಮೆ," ಎಂದಳು ಅವ್ವ. ಮೂರು ಸಲ ಹಾಡಿಸಿಕೊಂಡಳು. ಮೂರನೆಯದು ಮುಗಿಯುವ ಮೊದಲೇ ಅವಳ ಕೈ ಸಡಿಲವಾಯಿತು.

ಮಣ್ಣು ಕೊಟ್ಟು ಬಂದ ಮೇಲೆ ಅಪ್ಪ ಒಂದೇ ಪ್ರಶ್ನೆ ಕೇಳಿದ: "ಅಂವ ನಂಬಂಗಿಲ್ಲಂತ ಆಕಿಗೆ ಗೊತ್ತಿತ್ತೇನು?"

"ಗೊತ್ತಿತ್ತು."

ಆಮೇಲೆ ಆರು ವರ್ಷ ಬದುಕಿದ. ಮಗ್ಗದ ಮುಂದೆ ಕೂರುತ್ತಿದ್ದ, ಪ್ರಾರ್ಥನೆಗೂ ಕೂರುತ್ತಿದ್ದ. ನನ್ನ ಕೈಯಿಂದ ಊಟ ಮಾಡಿದ. ಹಾಡಲಿಲ್ಲ, ಬಾರೂಕನ ಹೆಸರು ಎತ್ತಲಿಲ್ಲ.

ದೇವರಿಲ್ಲವೆನ್ನುವ, ಬಾರೂಕನ ಕಡೆಯವರೇನೂ ಮೇಲಲ್ಲ. ಒಳಗೊಳಗೆ ನಂಬುತ್ತೀಯೆಂದು ಅವನನ್ನು ವಿಚಾರಣೆಗೆ ಕರೆದರು. "ಆಕಿ ಕೇಳಿದ್ಲು, ಹಾಡಿದೆ," ಎಂದನಂತೆ, ಅಷ್ಟೇ. ತರ್ಕಕ್ಕೆ ನಿಲ್ಲದ ನಡತೆ ಎಂದು ಬರೆದು ಅವನನ್ನು ಶಾಲೆಯಿಂದ ತೆಗೆದರು.

ಹೋದ ವಾರ ನಮ್ಮ ಕ್ರೈಸ್ತ ಸಭೆಯವರು ಮನೆಗೆ ಬಂದಿದ್ದರು. ಮರುತೂಕಕ್ಕೆ ಅರ್ಜಿ ಹಾಕುತ್ತಾರಂತೆ. ಈ ಸಲ ಚುರುಕಾದ ವಾದಿ ಸಿಕ್ಕಿದ್ದಾಳೆ, ಗೆದ್ದೇ ಗೆಲ್ಲುತ್ತೇವೆಂದರು. ಗೆದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಅವರ ಬಾಯಿ ಮುಚ್ಚಸ್ತೀವಿ," ಎಂದು ನಕ್ಕರು. ಪ್ರೀತಿಯ ದೇವರ ಮಾತಾಡುವ ಆ ಬಾಯಿಗಳಿಗೆ ಚಹಾ ಕೊಟ್ಟು ಕಳಿಸಿದೆ.

ಯಾವ ನಿಲುವು ಹೆಚ್ಚು ವಿವೇಕದ್ದೆಂದು ನೀವು ವಾದಿಸಬೇಡಿ ಎನ್ನುವುದಿಲ್ಲ. ವಾದಿಸಿ, ಒಂದು ಉತ್ತರವೂ ಸಿಗಬಹುದು. ಮೊಟ್ಟಮೊದಲ ತೂಕದ ಸಭೆ ನಿಮ್ಮ ಕಾಲದಲ್ಲೇ ಕೂಡಿತೆಂದು ನಮ್ಮ ದಾಖಲೆಗಳು ಹೇಳುತ್ತವೆ. ಒಳ್ಳೆಯ ಜನ, ಓದಿದವರು, ಒಬ್ಬರ ಮಾತಿಗೆ ಒಬ್ಬರು ಕಿವಿಗೊಟ್ಟು ಕೂತಿದ್ದರಂತೆ. ಎಲ್ಲ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಗೆದ್ದವರಿಗೆ ಏನು ಸಿಗುತ್ತದೆ ಎಂದು ಕೇಳಿದರಂತೆ. ನೀವು ಅಲ್ಲಿದ್ದರೆ ಉತ್ತರ ಕೊಡಬೇಡಿ. ದೀಪ ಆರಿಸಿ, ಬಾಗಿಲು ಹಾಕಿ, ಎಲ್ಲರನ್ನೂ ಮನೆಗೆ ಕಳಿಸಿ.

ತಬಿಥಾ ಎಜ್ರಪ್ಪ